ಬೆಂಚು ಜೋಡಿಸಿದರೆ ಗುಂಪು ಕಲಿಕೆ ಆಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ತಂದೆಯೊಬ್ಬರು ಬರೆದ ಪತ್ರ ಓದಿದೆ. ಅವರ ಮಗಳ ತರಗತಿಯಲ್ಲಿ ಎಲ್ಲದಕ್ಕೂ ಗುಂಪು ಮಾಡುತ್ತಾರಂತೆ. ಗುಂಪಿನ ಕೆಲಸವನ್ನೆಲ್ಲ ಮಗಳೇ ರಾತ್ರಿ ಹನ್ನೊಂದರ ತನಕ ಕೂತು ಮುಗಿಸುತ್ತಾಳಂತೆ. ಏನೂ ಮಾಡದ ಉಳಿದ ನಾಲ್ವರಿಗೂ ಅಷ್ಟೇ ಮಾರ್ಕ್ಸ್ ಸಿಗುತ್ತದಂತೆ. ಬೇರೆ ಮಕ್ಕಳ ಹೋಂವರ್ಕ್ ಮಾಡಿಕೊಡಲು ನನ್ನ ಮಗಳು ಶಾಲೆಗೆ ಹೋಗಬೇಕಾ, ಈ ಗುಂಪು ಚಟುವಟಿಕೆಯನ್ನೇ ನಿಲ್ಲಿಸಿ ಅಂತ ಅವರು ಬರೆದಿದ್ದರು.

ನಾನು 26 ವರ್ಷದಿಂದ ಆರು, ಏಳನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಆ ತಂದೆಯ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರು ಹೇಳಿದ ತೊಂದರೆ ನಿಜ. ಆದರೆ ಅದಕ್ಕೆ ಅವರು ಹೇಳಿದ ಮದ್ದು ಸರಿಯಲ್ಲ ಅಂತ ನನ್ನ ಅನಿಸಿಕೆ. ಯಾಕೆ ಅಂತ ಹೇಳುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸತು. ಮಕ್ಕಳಿಗೆ ಗುಂಪು ಚಟುವಟಿಕೆ ಮಾಡಿಸಿ ಅಂತ ತರಬೇತಿಯಲ್ಲಿ ಹೇಳಿದ್ದರು. ನಾನೂ ಹುರುಪಿನಿಂದ ಶುರು ಮಾಡಿದೆ. ತರಗತಿಯಲ್ಲಿ 42 ಮಕ್ಕಳು. ಏಳು ಗುಂಪು, ಗುಂಪಿಗೆ ಆರು ಮಂದಿ, ಆರು ಮಂದಿಗೆ ಒಬ್ಬ ಲೀಡರ್. ಕೊಡುತ್ತಿದ್ದ ಕೆಲಸ ಅಂದರೆ ಚಾರ್ಟ್. ಕೋನಗಳ ವಿಧ, ತ್ರಿಭುಜಗಳ ವಿಧ, ಭಿನ್ನರಾಶಿ, ಹೀಗೆ ತಿಂಗಳಿಗೊಂದು. ಚಾರ್ಟ್‌ಗಳು ಬಹಳ ಚೆನ್ನಾಗಿ ಬರುತ್ತಿದ್ದವು. ಗೋಡೆ ತುಂಬ ಅಂಟಿಸಿದ್ದೆ. ಬಂದವರೆಲ್ಲ ನಿಂತು ನೋಡಿ ಹೊಗಳಿ ಹೋಗುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು.

ಒಂದು ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಮಾತು ಕಡಿಮೆ. ಕರೆದರೆ ಎದ್ದು ನಿಲ್ಲುತ್ತಿದ್ದ, ಅಷ್ಟೇ. ವರ್ಷದ ಕೊನೆಗೆ ಬಂದಾಗ ಒಂದು ದಿನ ಅವನನ್ನು ಅವನ ಗುಂಪಿನ ಚಾರ್ಟ್ ಹತ್ತಿರ ಕರೆದೆ. "ಇದರಲ್ಲಿ ವಿಶಾಲಕೋನ ಯಾವುದು ತೋರಿಸು" ಅಂದೆ. ಅವನು ಚಾರ್ಟನ್ನೇ ನೋಡುತ್ತಾ ನಿಂತ. ಆಮೇಲೆ ಸಣ್ಣ ದನಿಯಲ್ಲಿ "ಇದು ನಾನು ಮಾಡಿದ್ದಲ್ಲ ಮಿಸ್" ಅಂದ.

"ಮತ್ತೆ ನೀನು ಮಾಡಿದ್ದು ಯಾವುದು?"

ಅವನು ಚಾರ್ಟಿನ ಅಂಚಿನ ಮೇಲೆ ಬೆರಳಿಟ್ಟ. ಸುತ್ತಲೂ ಕೆಂಪು, ನೀಲಿ ಎರಡು ಗೆರೆ. ಮಧ್ಯದಲ್ಲಿ ಅಲೆ ಅಲೆಯಾಗಿ ಹಸಿರು ಗೆರೆ. ನಾಲ್ಕು ಮೂಲೆಯಲ್ಲೂ ಒಂದೇ ಅಳತೆ. ಒಂದು ಕಡೆಯೂ ಸ್ಕೆಚ್ ಪೆನ್ ಆಚೀಚೆ ಹೋಗಿರಲಿಲ್ಲ.

"ಹೋದ ತಿಂಗಳ ಚಾರ್ಟಿನಲ್ಲಿ?"

"ಅದರಲ್ಲೂ ಇದೇ ಮಿಸ್."

ಒಂದೊಂದೇ ಚಾರ್ಟ್ ತೋರಿಸುತ್ತಾ ಹೋದೆ. ಎಲ್ಲದರಲ್ಲೂ ಅವನದು ಅಂಚಿನ ಗೆರೆ. ಆ ಮಗು ಒಂದಿಡೀ ವರ್ಷ ನನ್ನ ಗಣಿತದ ಗುಂಪಿನಲ್ಲಿ ಕೂತು ಅಂಚಿನ ಗೆರೆ ಎಳೆದಿತ್ತು. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಗುಂಪಿನ ಉಳಿದ ಮಕ್ಕಳನ್ನು ಬೈಯೋಣ ಅಂದರೆ ಅವರದ್ದೇನು ತಪ್ಪು? ಆರು ಮಂದಿ ಕೂತು ಯೋಚಿಸಿದ್ದಾರೆ. ಲೀಡರ್ ಹುಡುಗಿಗೆ ಲೆಕ್ಕ ಬರುತ್ತದೆ, ಅವಳು ಲೆಕ್ಕ ಮಾಡಲಿ. ಇನ್ನೊಬ್ಬಳ ಅಕ್ಷರ ಚೆಂದ, ಅವಳು ಬರೆಯಲಿ. ಇವನ ಕೈ ನೇರ, ಇವನು ಗೆರೆ ಎಳೆಯಲಿ. ಚಾರ್ಟ್ ಬೇಗ, ಚೆನ್ನಾಗಿ ಮುಗಿಯಬೇಕು ಅಂದರೆ ಇದಕ್ಕಿಂತ ಒಳ್ಳೆಯ ಹಂಚಿಕೆ ಇಲ್ಲ. ನಾನು ಅವರಿಂದ ಚಾರ್ಟ್ ಕೇಳಿದ್ದೆ. ಅವರು ಚಾರ್ಟ್ ಕೊಟ್ಟಿದ್ದರು. ಒಬ್ಬರಿಗೊಬ್ಬರು ಕಲಿಸಿ ಅಂತ ನಾನು ಕೇಳಿಯೇ ಇರಲಿಲ್ಲ.

ಆ ತಂದೆಯ ಮಗಳು ನನ್ನ ಲೀಡರ್ ಹುಡುಗಿಯ ಹಾಗೇ ಇರಬೇಕು ಅನಿಸುತ್ತದೆ. ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಂಡವಳು. ಅವಳಿಗೆ ಅನ್ಯಾಯ ಆಗುತ್ತಿದೆ, ನಿಜ. ಅದೇ ಗುಂಪಿನಲ್ಲಿ ಗೆರೆ ಎಳೆಯುತ್ತಾ ಕೂತ ಮಗುವಿಗೆ ಅದಕ್ಕಿಂತ ಜಾಸ್ತಿ ಅನ್ಯಾಯ ಆಗುತ್ತಿದೆ. ಆ ಮಗುವಿನ ಅಪ್ಪ ಅಮ್ಮನಿಗೆ ಅದು ಗೊತ್ತಾಗುವುದೇ ಇಲ್ಲ. ಮಾರ್ಕ್ಸ್ ಚೆನ್ನಾಗಿ ಬಂದಿರುತ್ತದಲ್ಲ, ಪತ್ರಿಕೆಗೆ ಯಾಕೆ ಪತ್ರ ಬರೆಯುತ್ತಾರೆ?

ಹೆಚ್ಚು ಜನ ಸೇರಿದಾಗ ಒಬ್ಬೊಬ್ಬರ ಪ್ರಯತ್ನ ಕಡಿಮೆಯಾಗುವುದು ಮಕ್ಕಳಲ್ಲಿ ಮಾತ್ರ ಕಾಣುವ ದೋಷವಲ್ಲ. ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದರು. ಹಗ್ಗ ಎಳೆಯುವಾಗ ಒಬ್ಬ ಮನುಷ್ಯ ಎಷ್ಟು ಬಲ ಹಾಕುತ್ತಾನೆ ಅಂತ ಅಳೆದು ನೋಡಿದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಜನ ಜಾಸ್ತಿ ಆದ ಹಾಗೆ ತಲಾ ಬಲ ಇಳಿಯುತ್ತಾ ಹೋಯಿತು. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬನ ಪಾಲು ಒಂಟಿಯಾಗಿ ಎಳೆದಾಗಿನ ಅರ್ಧದಷ್ಟೇ ಇತ್ತು. ಎಳೆತ ಹೊಂದಿಕೆಯಾಗದೆ ಸ್ವಲ್ಪ ಬಲ ಪೋಲಾಗುತ್ತದೆ. ಇನ್ನು ಸ್ವಲ್ಪ, ಹೇಗೂ ಬೇರೆಯವರು ಎಳೆಯುತ್ತಿದ್ದಾರಲ್ಲ ಅನ್ನುವ ಸಡಿಲ. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಅವರ ಜೊತೆಗಾರರು ಚಪ್ಪಾಳೆ ತಟ್ಟಿಸಿ, ಕೂಗಿಸಿ ಇದನ್ನೇ ಮತ್ತೆ ಪರೀಕ್ಷಿಸಿದರು. ಅಲ್ಲೂ ಹಾಗೇ ಆಯಿತು. ನನಗೆ ಮುಖ್ಯ ಅನಿಸಿದ್ದು ಅದೇ ತಂಡ 1981ರಲ್ಲಿ ತೋರಿಸಿದ ಸಂಗತಿ. ಯಾರ ದನಿ ಎಷ್ಟು ಅಂತ ಬೇರೆ ಬೇರೆಯಾಗಿ ಗೊತ್ತಾಗುತ್ತದೆ ಅಂತ ಹೇಳಿದರೆ ಜನ ಗುಂಪಿನಲ್ಲಿದ್ದರೂ ಪೂರ್ತಿ ದನಿ ತೆಗೆದು ಕೂಗಿದರು. ನಾನು ಆರು ಮಂದಿಗೆ ಒಂದು ಚಾರ್ಟ್, ಒಂದು ಮಾರ್ಕ್ಸ್ ಕೊಟ್ಟಾಗ ಯಾರ ಪಾಲು ಎಷ್ಟು ಅಂತ ನೋಡುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ.

ಇಂಗ್ಲೆಂಡಿನಲ್ಲಿ ಮಾರಿಸ್ ಗಾಲ್ಟನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಪ್ರಾಥಮಿಕ ಶಾಲೆಗಳ ತರಗತಿಗಳಲ್ಲಿ ಕೂತು ಏನು ನಡೆಯುತ್ತದೆ ಅಂತ ಗಮನಿಸಿ ಬರೆದಿಟ್ಟರು. ಮಕ್ಕಳು ಗುಂಪಾಗಿ ಕೂತಿರುತ್ತಿದ್ದರು, ಆದರೆ ಹೆಚ್ಚಿನ ಹೊತ್ತು ಒಬ್ಬೊಬ್ಬರೇ ತಮ್ಮ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು. ಅದನ್ನು ಓದಿದಾಗ ನನ್ನ ತರಗತಿಯ ಫೋಟೋ ಯಾರೋ ತೆಗೆದ ಹಾಗನ್ನಿಸಿತು. ಬೆಂಚು ಜೋಡಿಸಿದ್ದೆ, ಮಕ್ಕಳನ್ನು ಎದುರು ಬದುರು ಕೂರಿಸಿದ್ದೆ. ಅವರು ಮಾತಾಡಲೇಬೇಕಾದಂಥ ಪ್ರಶ್ನೆಯನ್ನು ಮಾತ್ರ ಕೊಟ್ಟಿರಲಿಲ್ಲ.

ಮುಂದಿನ ವರ್ಷದಿಂದ ಚಾರ್ಟ್ ಬಿಟ್ಟೆ. ಗುಂಪನ್ನು ನಾಲ್ಕಕ್ಕೆ ಇಳಿಸಿದೆ. ಲೀಡರ್ ಅನ್ನುವ ಹುದ್ದೆಯನ್ನೇ ತೆಗೆದೆ. ನಾಲ್ವರಿಗೂ ಒಂದರಿಂದ ನಾಲ್ಕರ ತನಕ ನಂಬರ್ ಕೊಟ್ಟೆ. ಒಂದು ಪ್ರಶ್ನೆ ಬೋರ್ಡಿನ ಮೇಲೆ ಬರೆಯುತ್ತೇನೆ. ಮೊದಲು ಎರಡು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ತಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಬೇಕು. ಆಮೇಲೆ ಮಾತು. ಕೊನೆಗೆ ನಾನು ಒಂದು ನಂಬರ್ ಕೂಗುತ್ತೇನೆ. ಮೂರು ಅಂದರೆ ಪ್ರತಿ ಗುಂಪಿನ ಮೂರನೆಯ ಮಗು ಎದ್ದು ಯಾಕೆ, ಹೇಗೆ ಅಂತ ಹೇಳಬೇಕು. ಯಾವ ನಂಬರ್ ಬರುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬುದ್ಧಿವಂತ ಮಗು ತಾನೊಬ್ಬಳೇ ಉತ್ತರ ಬರೆದು ಕೈ ಕಟ್ಟಿ ಕೂರುವ ಹಾಗಿಲ್ಲ. ಉಳಿದ ಮೂವರಿಗೂ ಅರ್ಥ ಆಯಿತಾ ಅಂತ ಅವಳೇ ವಿಚಾರಿಸುತ್ತಾಳೆ. ಇದು ನಾನು ಕಂಡುಹಿಡಿದ ವಿದ್ಯೆಯಲ್ಲ, ಬೇರೆ ಬೇರೆ ದೇಶದ ಶಿಕ್ಷಕರು ಎಷ್ಟೋ ವರ್ಷದಿಂದ ಮಾಡುತ್ತಿರುವುದೇ.

ಹೀಗೆ ಮಾಡುವಾಗ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ತಂದೆ ಇದನ್ನು ಓದಬೇಕು ಅಂತ ನನ್ನ ಆಸೆ.

ಆ ದಿನದ ಪ್ರಶ್ನೆ: 0.35 ಮತ್ತು 0.4, ಇವೆರಡರಲ್ಲಿ ಯಾವುದು ದೊಡ್ಡದು? ಒಂದು ಗುಂಪಿನಲ್ಲಿ ಒಬ್ಬ ಹುಡುಗ 0.35 ದೊಡ್ಡದು ಅಂತ ಬರೆದಿದ್ದ. 35 ಎಲ್ಲಿ, 4 ಎಲ್ಲಿ ಅಂತ ಅವನ ವಾದ. ಪಕ್ಕದಲ್ಲಿ ತರಗತಿಗೇ ಮೊದಲು ಬರುವ ಹುಡುಗಿ.

"ಅಯ್ಯೋ, 0.4 ಕಣೋ ದೊಡ್ಡದು. ಕೊನೆಗೆ ಒಂದು ಸೊನ್ನೆ ಹಾಕು. 0.40 ಆಗತ್ತೆ. 35ಕ್ಕಿಂತ 40 ದೊಡ್ಡದಲ್ವಾ?"

ಅವನು ಒಪ್ಪಲಿಲ್ಲ. "ನಾಲ್ಕರ ಪಕ್ಕ ಸೊನ್ನೆ ಹಾಕಿದ್ರೆ ನಲವತ್ತು ಆಗತ್ತೆ. ಹತ್ತು ಪಟ್ಟು ಜಾಸ್ತಿ ಆಯ್ತಲ್ಲ. ಇಲ್ಲಿ ಮಾತ್ರ ಹೆಂಗೆ ಸುಮ್ನೆ ಸೊನ್ನೆ ಹಾಕ್ತೀಯ?"

ಹುಡುಗಿ ಏನೋ ಹೇಳಲು ಹೋಗಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಬಿಟ್ಟು "ಹಾಕಬಹುದು ಅಂತ ಮಿಸ್ ಹೇಳಿದ್ದಾರೆ" ಅಂದಳು.

ನಾನು ಅವರ ಹಿಂದೆಯೇ ನಿಂತಿದ್ದೆ. ಹೌದು, ನಾನೇ ಹೇಳಿದ್ದೆ. ಬಿಂದುವಿನ ಬಲಗಡೆ ಕೊನೆಯಲ್ಲಿ ಸೊನ್ನೆ ಹಾಕಿದರೆ ಬೆಲೆ ಬದಲಾಗುವುದಿಲ್ಲ ಅನ್ನುವ ನಿಯಮವನ್ನು ಬರೆಸಿದ್ದೆ. ಅವಳು ಅದನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದಳು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಮಾರ್ಕ್ಸ್ ಬರುತ್ತಿತ್ತು. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ ಅನ್ನುವುದು ಆ ಹುಡುಗ ಕೇಳಿದ್ದರಿಂದ ಹೊರಗೆ ಬಂತು. ನಾನು ಬಾಯಿ ಹಾಕಲು ಹೊರಟಿದ್ದೆ, ತಡೆದುಕೊಂಡೆ. ಅದು ಎಷ್ಟು ಕಷ್ಟ ಅಂತ ಶಿಕ್ಷಕರಿಗೆ ಗೊತ್ತು.

ಗುಂಪಿನ ಮೂರನೆಯ ಮಗು, ಅಷ್ಟೇನೂ ಮಾತಾಡದ ಹುಡುಗಿ, ಚೌಕದ ನೋಟ್‌ಬುಕ್ ತೆಗೆದಳು. ಉದ್ದ ಹತ್ತು ಮನೆ, ಅಗಲ ಹತ್ತು ಮನೆ ಎಣಿಸಿ ಒಂದು ದೊಡ್ಡ ಚೌಕ ಹಾಕಿದಳು. "ಇಷ್ಟೂ ಸೇರಿ ಒಂದು ಅಂತ ಇಟ್ಕೊಳ್ಳೋಣ. ಹತ್ತು ಸಾಲಲ್ಲಿ ನಾಲ್ಕು ಸಾಲಿಗೆ ಬಣ್ಣ ಹಾಕು. ಅದು 0.4" ಅಂದಳು. ಹುಡುಗ ಪೆನ್ಸಿಲಿನಲ್ಲಿ ಬಣ್ಣ ಹಾಕಿದ. "ಈಗ ಮನೆ ಎಣಿಸು." ಎಣಿಸಿದ. ನಲವತ್ತು. "35 ಎಲ್ಲಿಗೆ ಬರತ್ತೆ?" ಮೂರು ಸಾಲು ಮುಗಿದು ನಾಲ್ಕನೆಯ ಸಾಲಿನ ಅರ್ಧಕ್ಕೆ ಬಂತು. ಅವನು ಬೆರಳನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ.

ಆಮೇಲೆ ಅಂದ: "ಅಂದ್ರೆ ಸೊನ್ನೆ ಹಾಕೋದು ಅಂದ್ರೆ ಜಾಸ್ತಿ ಮಾಡೋದಲ್ಲ. ಅಷ್ಟೇ ಜಾಗಾನ ಚಿಕ್ಕ ಚಿಕ್ಕ ಮನೆ ಮಾಡಿ ಎಣಿಸೋದು."

ದಶಮಾಂಶದ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ, ಈ ಮಾತನ್ನು ಇಷ್ಟು ಸರಳವಾಗಿ ಒಂದು ಸಲವೂ ಹೇಳಿರಲಿಲ್ಲ. ಮೊದಲು ಬರುವ ಹುಡುಗಿ ಏನು ಮಾಡಿದಳು ಗೊತ್ತಾ? ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ತನ್ನ ಪುಸ್ತಕದಲ್ಲೂ ಅದೇ ಚೌಕ ಹಾಕಿಕೊಂಡಳು. ಒಟ್ಟು ಹನ್ನೊಂದು ನಿಮಿಷ ಹಿಡಿಯಿತು.

ಆ ಹನ್ನೊಂದು ನಿಮಿಷದಲ್ಲಿ ಬುದ್ಧಿವಂತ ಹುಡುಗಿಗೆ ನಷ್ಟ ಆಯಿತಾ? ಕ್ಯಾಲಿಫೋರ್ನಿಯಾದ ನೋರೀನ್ ವೆಬ್ ಅನ್ನುವವರು ಮಕ್ಕಳ ಗುಂಪಿನ ಮಾತುಕತೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬಿಡಿಸಿ ವಿವರಿಸಿ ಹೇಳುವ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ. ಬರೀ ಉತ್ತರ ಪಡೆದ ಮಗುವಿಗೆ ಅದರಿಂದ ಉಪಯೋಗವಿಲ್ಲ. ನನ್ನ ಅನುಭವವೂ ಇದೇ. "ಉತ್ತರ 12, ಬರ್ಕೋ" ಅಂತ ಹೇಳುವುದು ಸಹಾಯವಲ್ಲ. ಹಾಗಾಗಿ ನನ್ನ ತರಗತಿಯಲ್ಲಿ ಒಂದು ನಿಯಮ ಇದೆ. ಗೆಳೆಯನಿಗೆ ಉತ್ತರ ಹೇಳಬಾರದು, ಮುಂದಿನ ಹೆಜ್ಜೆ ಯಾವುದು ಅಂತ ಕೇಳಬೇಕು. ಅವನ ಪೆನ್ಸಿಲನ್ನು ಕಿತ್ತುಕೊಂಡು ಅವನ ಪುಸ್ತಕದಲ್ಲಿ ನೀನು ಬರೆಯಬಾರದು. ಇದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಲು ನನಗೆ ಎರಡು ತಿಂಗಳಾದರೂ ಬೇಕಾಗುತ್ತದೆ. ಜೊತೆಯಾಗಿ ಕಲಿಯುವುದನ್ನೂ ಕಲಿಸಬೇಕು. ಅದು ತಾನಾಗೇ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ.

ಗುಂಪಿನ ಬಗ್ಗೆ ನನ್ನ ಯೋಚನೆಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಎಲಿಯಟ್ ಆರನ್‌ಸನ್ ಅವರ ಜಿಗ್ಸಾ ವಿಧಾನ. ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಆಟ ಇದೆಯಲ್ಲ, ಅದರ ಹೆಸರು. 1971ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರ. ಅಲ್ಲಿನ ಶಾಲೆಗಳಲ್ಲಿ ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಬಿಳಿಯರ, ಕರಿಯರ, ಮೆಕ್ಸಿಕೋ ಮೂಲದವರ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಲು ಶುರು ಮಾಡಿದ್ದರು. ಜಗಳ, ಹೊಡೆದಾಟ. ಏನು ಮಾಡುವುದು ಅಂತ ಶಾಲೆಗಳನ್ನು ನೋಡಿಕೊಳ್ಳುವ ಅಧಿಕಾರಿಗಳು ಮನಶ್ಶಾಸ್ತ್ರ ಕಲಿಸುತ್ತಿದ್ದ ಆರನ್‌ಸನ್ ಅವರನ್ನು ಕರೆಸಿದರು. ಅವರು ಮತ್ತು ಅವರ ವಿದ್ಯಾರ್ಥಿಗಳು ಮೊದಲು ಸುಮ್ನೆ ತರಗತಿಯಲ್ಲಿ ಕೂತು ನೋಡಿದರು. ಶಿಕ್ಷಕಿ ಪ್ರಶ್ನೆ ಕೇಳುತ್ತಾರೆ. ಕೆಲವು ಕೈ ಮೇಲೇಳುತ್ತವೆ. ಒಬ್ಬನನ್ನು ಕೇಳಿದರೆ ಉಳಿದವರ ಮುಖ ಬಾಡುತ್ತದೆ. ಅವನು ತಪ್ಪು ಹೇಳಿದರೆ ಮತ್ತೆ ಕೈಗಳು ಮೇಲೇಳುತ್ತವೆ. ಒಂದು ಮಗು ಸೋತರೆ ಇನ್ನೊಂದಕ್ಕೆ ಅವಕಾಶ. ಹೀಗಿರುವಾಗ ಮೊದಲೇ ಒಬ್ಬರನ್ನೊಬ್ಬರು ನಂಬದ ಮಕ್ಕಳು ಸ್ನೇಹಿತರಾಗುವುದು ಹೇಗೆ?

ಅವರು ಪಾಠವನ್ನೇ ತುಂಡು ಮಾಡಿದರು. ಒಬ್ಬರ ಜೀವನಚರಿತ್ರೆ ಓದಬೇಕು ಅಂತಿದ್ದರೆ ಅದನ್ನು ಆರು ಭಾಗ ಮಾಡಿ, ಗುಂಪಿನ ಆರು ಮಕ್ಕಳಿಗೆ ಒಂದೊಂದು ಕೊಟ್ಟರು. ಬೇರೆಯವರ ಭಾಗ ನೋಡುವ ಹಾಗಿಲ್ಲ. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ, ಅದೂ ಒಬ್ಬೊಬ್ಬರಿಗೆ ಬೇರೆ ಬೇರೆ. ಅಂದರೆ ಪಕ್ಕದವನ ಮಾತನ್ನು ಕೇಳದೆ ಬೇರೆ ದಾರಿಯೇ ಇಲ್ಲ. ಇಂಗ್ಲಿಷ್ ಮನೆಮಾತಲ್ಲದ ಒಬ್ಬ ಹುಡುಗ ತನ್ನ ಭಾಗ ಹೇಳುವಾಗ ತಡವರಿಸಿದನಂತೆ. ಉಳಿದವರು ಗೇಲಿ ಮಾಡಿದರು. ಆಗ ಅಲ್ಲಿದ್ದ ಸಹಾಯಕಿ ಅವರನ್ನು ಬೈಯಲಿಲ್ಲ. ಗೇಲಿ ಮಾಡಿದರೆ ಆ ಭಾಗ ನಿಮಗೆ ಗೊತ್ತಾಗುವುದಿಲ್ಲ, ಪರೀಕ್ಷೆ ಹತ್ತಿರ ಇದೆ ಅಂತ ಮಾತ್ರ ನೆನಪಿಸಿದರು. ಕ್ರಮೇಣ ಮಕ್ಕಳು ಆ ಹುಡುಗನಿಗೆ ಸರಿಯಾದ ಪ್ರಶ್ನೆ ಕೇಳುವುದನ್ನು ಕಲಿತರು. ಅವನೂ ಉತ್ತರ ಕೊಡುವುದನ್ನು ಕಲಿತ. ಇದನ್ನು ಮೊದಲ ಸಲ ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ನನ್ನ ಅಂಚಿನ ಗೆರೆಯ ಹುಡುಗ ನೆನಪಾದ. ಅವನ ಕೈಯಲ್ಲಿ ಗುಂಪಿಗೆ ಬೇಕಾದ ಒಂದು ತುಂಡನ್ನೂ ನಾನು ಕೊಟ್ಟಿರಲಿಲ್ಲ.

ನಾನು ಇದನ್ನು ಮೊದಲು ಮಾಡಿದ್ದು ಅಂಕಿ ಅಂಶಗಳ ಪಾಠದಲ್ಲಿ. ಸರಾಸರಿ, ಮಧ್ಯಾಂಕ, ಬಹುಲಕ, ವ್ಯಾಪ್ತಿ. ನಾಲ್ಕು ವಿಷಯ, ನಾಲ್ಕು ಮಕ್ಕಳು. ಮೊದಲ ಸಲ ಎಡವಿದೆ. ಮಧ್ಯಾಂಕದ ಭಾಗ ಸಿಕ್ಕಿದ ಒಬ್ಬ ಹುಡುಗಿ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಬೇಕು ಅನ್ನುವುದನ್ನೇ ಬಿಟ್ಟು ನಡುವಿನ ಸಂಖ್ಯೆ ಆರಿಸಿದ್ದಳು. ಅವಳ ಗುಂಪಿನ ನಾಲ್ವರೂ ಪರೀಕ್ಷೆಯಲ್ಲಿ ಅದೇ ತಪ್ಪು ಮಾಡಿದರು. ಆರನ್‌ಸನ್ ಅವರ ವಿಧಾನದಲ್ಲಿ ಇದಕ್ಕೂ ಒಂದು ಏರ್ಪಾಡಿದೆ, ನಾನು ಅವಸರದಲ್ಲಿ ಅದನ್ನು ಬಿಟ್ಟಿದ್ದೆ. ಒಂದೇ ಭಾಗ ಸಿಕ್ಕ ಮಕ್ಕಳು ಎಲ್ಲ ಗುಂಪಿನಿಂದ ಎದ್ದು ಬಂದು ಮೊದಲು ಒಟ್ಟಿಗೆ ಕೂರಬೇಕು. ಸರಿಯಾಗಿ ಅರ್ಥ ಮಾಡಿಕೊಂಡು, ಹೇಗೆ ಹೇಳಿಕೊಡುವುದು ಅಂತ ಅಭ್ಯಾಸ ಮಾಡಿಕೊಂಡು ತಮ್ಮ ಗುಂಪಿಗೆ ವಾಪಸ್ ಹೋಗಬೇಕು. ಈಗ ನಾನು ಆ ಹತ್ತು ನಿಮಿಷ ಅಲ್ಲೇ ಓಡಾಡುತ್ತೇನೆ. ತಪ್ಪು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಒಬ್ಬರು ರಜೆ ಹಾಕಿದರೆ ಇಡೀ ಗುಂಪಿಗೆ ಆ ತುಂಡು ತಪ್ಪಿಹೋಗುತ್ತದೆ ಅಂತ ಐದು ಮಕ್ಕಳ ಒಂದೆರಡು ಗುಂಪು ಮಾಡಿ ಒಂದು ಭಾಗಕ್ಕೆ ಇಬ್ಬರನ್ನು ಇಟ್ಟಿರುತ್ತೇನೆ. ಆ ದಿನ ಮಗು ಕಡಿಮೆ ಇರುವ ಗುಂಪಿಗೆ ಒಬ್ಬರನ್ನು ಕಳಿಸುತ್ತೇನೆ.

ಮಾರ್ಕ್ಸ್ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಗುಂಪಿಗೆ ಒಂದೇ ಮಾರ್ಕ್ಸ್ ಕೊಡಬಾರದು. ಕಲಿಯುವುದು ಒಟ್ಟಿಗೆ, ಪರೀಕ್ಷೆ ಒಬ್ಬೊಬ್ಬರದೇ. ಗುಂಪಿನ ಪ್ರಾಜೆಕ್ಟನ್ನು ಮನೆಗೆ ಕಳಿಸಲೇಬಾರದು. ಮನೆಗೆ ಹೋದ ಪ್ರಾಜೆಕ್ಟನ್ನು ಒಂದು ಮಗು ಮಾಡುತ್ತದೆ, ಇಲ್ಲವೇ ಒಬ್ಬರ ಅಪ್ಪ ಅಮ್ಮ ಮಾಡುತ್ತಾರೆ. ಈ ವಿಷಯದಲ್ಲಿ ನಾನು ಆ ತಂದೆಯ ಪಕ್ಷ.

ಇನ್ನೊಂದು ಮಾತು. ಗುಂಪಿನಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದು ಯಾರಿಗೆ ಎಷ್ಟು ಗೊತ್ತು ಅನ್ನುವುದರ ಮೇಲೆ ಮಾತ್ರ ನಿಂತಿಲ್ಲ. ಜಾಣ ಅಂತ ಹೆಸರಾದ ಮಗು ತಪ್ಪು ಹೇಳಿದರೂ ಎಲ್ಲರೂ ಬರೆದುಕೊಳ್ಳುತ್ತಾರೆ. ದಡ್ಡ ಅಂತ ಹೆಸರಾದ ಮಗು ಸರಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ಕೋಹೆನ್ ಇದರ ಮೇಲೇ ಬಹಳ ಕೆಲಸ ಮಾಡಿದರು. ಗುಂಪಿನಲ್ಲಿ ಹೆಚ್ಚು ಮಾತಾಡುವವರು ಹೆಚ್ಚು ಕಲಿಯುತ್ತಾರೆ, ಯಾರು ಹೆಚ್ಚು ಮಾತಾಡುತ್ತಾರೆ ಅನ್ನುವುದು ತರಗತಿಯಲ್ಲಿ ಅವರಿಗಿರುವ ಸ್ಥಾನದ ಮೇಲೆ ನಿಂತಿರುತ್ತದೆ ಅಂತ ತೋರಿಸಿದರು. ಹಿಂದೆ ಉಳಿದ ಮಗು ನಿಜವಾಗಿಯೂ ಚೆನ್ನಾಗಿ ಮಾಡಿದ್ದನ್ನು ಶಿಕ್ಷಕರು ಗುರುತಿಸಿ, ಎಲ್ಲರ ಎದುರು, ಏನು ಚೆನ್ನಾಗಿತ್ತು ಅಂತ ಬಿಡಿಸಿ ಹೇಳಬೇಕು ಅಂದರು.

ನಾನು ಹಾಗೆ ಹುಡುಕತೊಡಗಿದೆ. ಒಂದು ವರ್ಷ ಕೋನಮಾಪಕ ಇಲ್ಲದೆ ಕೋನ ಅಂದಾಜು ಮಾಡುವ ಕೆಲಸ ಕೊಟ್ಟಿದ್ದೆ. ಯಾವ ಟೆಸ್ಟಿನಲ್ಲೂ ಪಾಸಾಗದ ಒಬ್ಬ ಹುಡುಗಿ ಹತ್ತು ಕೋನಗಳಲ್ಲಿ ಎಂಟನ್ನು ಐದು ಡಿಗ್ರಿಯೊಳಗೆ ಹೇಳಿದಳು. ಹೇಗೆ ಅಂತ ಕೇಳಿದರೆ, ಲಂಬಕೋನವನ್ನು ಕಣ್ಣಲ್ಲೇ ಮೂರು ಪಾಲು ಮಾಡುತ್ತೇನೆ ಅಂದಳು. ನಾನು ತರಗತಿಗೆಲ್ಲ ಅದನ್ನು ಹೇಳಿದೆ. ಇವಳು 90ನ್ನು 30ರ ಮೂರು ತುಂಡು ಮಾಡಿ ನೋಡುತ್ತಾಳೆ, ನೀವೂ ಮಾಡಿ ನೋಡಿ ಅಂದೆ. ಮುಂದಿನ ವಾರದಿಂದ ಅವಳ ಗುಂಪಿನವರು ಕೋನ ಬಂದಾಗಲೆಲ್ಲ ಕಾಗದವನ್ನು ಅವಳ ಕಡೆ ತಿರುಗಿಸುತ್ತಿದ್ದರು. ಸುಮ್ಮನೆ "ವೆರಿ ಗುಡ್" ಅಂದಿದ್ದರೆ ಹೀಗಾಗುತ್ತಿರಲಿಲ್ಲ.

ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಏನು ಹೇಳಿಕೊಡುತ್ತಾರೆ ಅಂತ ಹಲವರು ಕೇಳುತ್ತಾರೆ. ನಮ್ಮ ಶಿಕ್ಷಕರ ಕೊಠಡಿಯಲ್ಲೂ ಈ ಮಾತು ಬರುತ್ತದೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಅವರ ಅನುಭವ ಇಲ್ಲಿ ಹೇಳಬೇಕು. ಅವರು ಒಳ್ಳೆಯ ಪಾಠಗಾರರು ಅಂತ ಹೆಸರಾಗಿದ್ದರು. 1990ರ ಹೊತ್ತಿಗೆ ನ್ಯೂಟನ್ನನ ನಿಯಮಗಳ ಮೇಲೆ ಸೂತ್ರ ಬೇಡದ, ಬರೀ ತಿಳಿವಳಿಕೆಯ ಪ್ರಶ್ನೆಗಳನ್ನು ಕೊಟ್ಟರು. ಒಬ್ಬ ವಿದ್ಯಾರ್ಥಿನಿ ಎದ್ದು, ನೀವು ಕಲಿಸಿದ ಹಾಗೆ ಬರೆಯಲೋ, ನಾನು ಯೋಚಿಸುವ ಹಾಗೆ ಬರೆಯಲೋ ಅಂತ ಕೇಳಿದಳು. ಫಲಿತಾಂಶ ನೋಡಿ ಅವರಿಗೆ ಗಾಬರಿಯಾಯಿತು. ಮತ್ತೆ ವಿವರಿಸಿದರು, ಮುಖಗಳು ಹಾಗೇ ಇದ್ದವು. ಕೊನೆಗೆ ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಿ ಅಂದರು. ಕೆಲವೇ ನಿಮಿಷದಲ್ಲಿ ವಿದ್ಯಾರ್ಥಿಗಳು ಬಿಡಿಸಿಕೊಂಡರು. ಈಗ ತಾನೇ ಕಲಿತವನಿಗೆ ಎಲ್ಲಿ ಕಷ್ಟ ಆಗುತ್ತದೆ ಅನ್ನುವುದು ಇನ್ನೂ ನೆನಪಿರುತ್ತದೆ. ನಮಗೆ ಅದು ಮರೆತುಹೋಗಿರುತ್ತದೆ. 2009ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದವರು ಮಿಷೆಲ್ ಸ್ಮಿತ್ ಅವರ ಮುಂದಾಳತ್ವದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದರು. ಮೊದಲು ಗುಂಪಿನಲ್ಲಿ ಯಾರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದರೂ, ಮಾತಾಡಿದ ಮೇಲೆ ಅದೇ ಬಗೆಯ ಹೊಸ ಪ್ರಶ್ನೆಗೆ ಹೆಚ್ಚು ಮಂದಿ ಸರಿ ಉತ್ತರ ಕೊಟ್ಟರು.

ಗುಂಪು ಎಲ್ಲದಕ್ಕೂ ಮದ್ದಲ್ಲ. ಮಗ್ಗಿ ಬಾಯಿಪಾಠಕ್ಕೆ ಗುಂಪು ಯಾಕೆ? ಹೊಸ ಚಿಹ್ನೆ, ಹೊಸ ಪದ ಪರಿಚಯ ಮಾಡುವಾಗ ನಾನೇ ಬೋರ್ಡಿನ ಮುಂದೆ ನಿಂತು ಹೇಳುತ್ತೇನೆ. ಒಬ್ಬರೇ ಕೂತು ಲೆಕ್ಕ ಮಾಡುವ ಸುಖವೂ ಮಕ್ಕಳಿಗೆ ಬೇಕು. ಕೆಲವು ಮಕ್ಕಳಿಗೆ ಗದ್ದಲ ಆಗುವುದಿಲ್ಲ. ಅಂಥವರನ್ನು ನಾಲ್ವರ ನಡುವೆ ತಳ್ಳುವ ಬದಲು ಒಬ್ಬ ಜೊತೆಗಾರನ ಪಕ್ಕ ಕೂರಿಸುತ್ತೇನೆ. ವಾರದಲ್ಲಿ ಆರು ಪೀರಿಯಡ್ ಇದ್ದರೆ ಗುಂಪಿಗೆ ಎರಡು, ಹೆಚ್ಚೆಂದರೆ ಮೂರು. ಗುಂಪು ಎಲ್ಲದಕ್ಕೂ ಮಾಡುತ್ತಾರೆ ಅಂತ ಆ ತಂದೆ ಬರೆದಿದ್ದಾರಲ್ಲ, ಹಾಗೆ ಮಾಡಿದರೆ ಮಕ್ಕಳಿಗೆ ಬೇಜಾರಾಗದೆ ಇರುತ್ತದಾ?

ಗಲಾಟೆ ಜಾಸ್ತಿ, ಪೋರ್ಷನ್ ಮುಗಿಯುವುದಿಲ್ಲ ಅನ್ನುವ ದೂರೂ ಇದೆ. ಪಕ್ಕದ ತರಗತಿಯವರು ಬಂದು ಬಾಗಿಲು ಹಾಕಿಕೊಂಡು ಹೋದದ್ದುಂಟು. ದನಿ ತಗ್ಗಿಸಿ ಮಾತಾಡುವುದನ್ನು ಅಭ್ಯಾಸ ಮಾಡಿಸಬಹುದು, ಮಾಡಿಸಿದ್ದೇನೆ. ಪೋರ್ಷನ್ ವಿಷಯದಲ್ಲಿ ಶಾಲೆ ನಡೆಸುವವರನ್ನು ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಗುಂಪು ಮಾಡಿಸಿ ಅಂತಲೂ ಹೇಳುತ್ತೀರಿ, ಪಾಠ ಎಷ್ಟು ಮುಗಿಯಿತು ಅಂತ ವಾರವಾರ ಲೆಕ್ಕವನ್ನೂ ಕೇಳುತ್ತೀರಿ. ಶಿಕ್ಷಕರು ಏನು ಮಾಡುತ್ತಾರೆ? ಬೇಗ ಕಣ್ಣಿಗೆ ಕಾಣುವಂಥದ್ದನ್ನು ಮಾಡಿಸುತ್ತಾರೆ. ಚಾರ್ಟ್ ಮಾಡಿಸುತ್ತಾರೆ, ಫೋಟೋ ತೆಗೆದು ಕಳಿಸುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ತರಗತಿ ನೋಡಲು ಬರುವವರು ಗೋಡೆ ನೋಡುವುದನ್ನು ಬಿಟ್ಟು ಯಾವುದಾದರೂ ಒಂದು ಗುಂಪಿನ ಪಕ್ಕ ಐದು ನಿಮಿಷ ಕೂರಲಿ. ಮಕ್ಕಳು "ಯಾಕೆ" ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದಾರಾ ಅಂತ ಕಿವಿಗೊಡಲಿ.

ಪತ್ರ ಬರೆದ ತಂದೆಗೆ ನನ್ನದೊಂದು ಕೋರಿಕೆ. ಶಾಲೆಗೆ ಹೋಗಿ ಮಾತಾಡಿ. ಗುಂಪು ನಿಲ್ಲಿಸಿ ಅಂತ ಕೇಳಬೇಡಿ. ಮಗಳಿಗೆ ಬೇರೆ ಮಾರ್ಕ್ಸ್ ಕೊಡಿ, ಕೆಲಸವನ್ನು ತರಗತಿಯಲ್ಲೇ ಮುಗಿಸಿ, ಮನೆಗೆ ಕಳಿಸಬೇಡಿ ಅಂತ ಕೇಳಿ. ಸಂಜೆ ಮಗಳು ಮನೆಗೆ ಬಂದಾಗ ಇವತ್ತು ಯಾರಿಗೆ ಏನು ಹೇಳಿಕೊಟ್ಟೆ, ಅವರು ಏನು ಕೇಳಿದರು ಅಂತ ವಿಚಾರಿಸಿ. ಅವಳ ಗುಂಪಿನಲ್ಲಿ ಅಂಚಿನ ಗೆರೆ ಎಳೆಯುವವರು ಯಾರು ಅಂತಲೂ ಒಂದು ಸಲ ಕೇಳಿ.

ಇಂತಿ,
ಗಣಿತ ಶಿಕ್ಷಕಿ